ಪರದೇಶದ ಹಬ್ಬ, ಸಿಗದ ಟರ್ಕಿ ಕೋಳಿ

(ಉಪನ್ಯಾಸವೊಂದರ ಪಠ್ಯ)



ಪರ ಊರಿನಲ್ಲಿ ಹಬ್ಬ ಮಾಡಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಅಲ್ಲಿ ದೇವರು ಸಿಗುತ್ತಾನೆ, ಬೇವಿನ ಹೂ ಸಿಗುವುದಿಲ್ಲ. ಹಿಮ ಬೀಳುವ ನಾಡಿನಲ್ಲಿ ಬೇವಿನ ಮರ ಬಯಲಿನಲ್ಲಿ ಬದುಕದು. ಹಾಗಾಗಿ ಅಮೆರಿಕದ ಉತ್ತರ ಭಾಗದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಯುಗಾದಿಯ ಬೆಳಿಗ್ಗೆ ಊರಿಂದ ಬಂದವರು ಪೊಟ್ಟಣ ಕಟ್ಟಿ ತಂದ ಒಣಗಿದ ಹೂವು ಹೊರಬರುತ್ತದೆ. ಅದೂ ಇಲ್ಲದಿದ್ದರೆ ನಾಲ್ಕು ಕಾಳು ಮೆಂತ್ಯ. ಕಹಿ ನಾಲಿಗೆಗೆ ತಾಗಿದರೆ ಸಾಕು, ವರ್ಷ ಆರಂಭವಾಗುತ್ತದೆ.

ಇದೇ ಪೇಚಾಟ ತಿರುಗುಮುರುಗಾಗಿ ಅಮೆರಿಕನ್ನರಿಗೂ ಇದೆ. ಅವರ ಬೇವಿನ ಹೂವಿನ ತೂಕ ಸುಮಾರು ಏಳು ಕಿಲೋ. ಅದೇ ಟರ್ಕಿ ಕೋಳಿ.

ಪ್ರತಿ ವರ್ಷ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್, ಅಂದರೆ ಕೃತಜ್ಞತಾ ದಿನ. ಸುಗ್ಗಿಯ ಹಬ್ಬ ಎಂದರೂ ನಡೆದೀತು. ಅಂದು ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕೂರಬೇಕು, ಮೇಜಿನ ನಡುವೆ ಇಡಿಯಾಗಿ ಬೆಂದ ಟರ್ಕಿ ಇರಬೇಕು. ತುಂಡು ಮಾಡಿ ಬೇಯಿಸಿದರೆ ಊಟವಾಗುತ್ತದೆ, ಹಬ್ಬವಾಗುವುದಿಲ್ಲ. ಮನೆಯ ಹಿರಿಯರೊಬ್ಬರು ಎಲ್ಲರೆದುರು ಅದನ್ನು ಕೊಯ್ದು ಬಡಿಸಬೇಕು. ಕೆನಡಾದವರಿಗೂ ಇಂಥದೇ ಹಬ್ಬವಿದೆ. ಅವರದು 1957ರಿಂದ ಅಕ್ಟೋಬರಿನ ಎರಡನೆಯ ಸೋಮವಾರಕ್ಕೆ ನಿಂತಿದೆ. ಇಂಗ್ಲೆಂಡಿನವರಿಗೆ ಟರ್ಕಿ ಬೇಕಾಗುವುದು ಕ್ರಿಸ್‌ಮಸ್ಸಿಗೆ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯಲ್ಲಿ ಜಿಪುಣ ಮುದುಕ ಮನಸ್ಸು ಬದಲಿಸಿದೊಡನೆ ಮಾಡುವ ಮೊದಲ ಕೆಲಸವೇ ತನ್ನ ಬಡ ಗುಮಾಸ್ತನ ಮನೆಗೆ ದೊಡ್ಡದೊಂದು ಟರ್ಕಿ ಕಳಿಸುವುದು.

ಸ್ವದೇಶದಲ್ಲಿ ಇದೆಲ್ಲ ಸುಲಭ. ನವೆಂಬರ್ ಬಂತೆಂದರೆ ಅಮೆರಿಕದ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಟರ್ಕಿಗಳನ್ನು ಕಲ್ಲಿನಂತೆ ರಾಶಿ ಹಾಕಿರುತ್ತಾರೆ. ಆದರೆ ನೌಕರಿ, ಓದು, ಮದುವೆ, ಸೈನ್ಯ ಎಂದು ಊರು ಬಿಟ್ಟವರ ಗತಿ ಏನು?

ಪ್ಯಾರಿಸ್ಸನ್ನು ನೋಡಿ. ಫ್ರೆಂಚರು ಟರ್ಕಿ ತಿನ್ನದವರೇನಲ್ಲ. ಎದೆಯ ಮಾಂಸದ ತೆಳು ಬಿಲ್ಲೆಗಳು ಅಲ್ಲಿ ವರ್ಷವಿಡೀ ಸಿಗುತ್ತವೆ. ಕ್ರಿಸ್‌ಮಸ್ಸಿಗೆ ಚೆಸ್ಟ್‌ನಟ್ ತುಂಬಿದ ಇಡೀ ಟರ್ಕಿಯೂ ಉಂಟು. ಆದರೆ ಅಮೆರಿಕನ್ನನ ಹಬ್ಬ ಬರುವುದು ಒಂದು ತಿಂಗಳು ಮುಂಚೆ. ಡಿಸೆಂಬರಿನ ಕೊನೆಗೆ ಕೊಬ್ಬಲೆಂದು ಸಾಕುತ್ತಿರುವ ಹಕ್ಕಿ ಆಗಿನ್ನೂ ಬೆಳೆಯುತ್ತಿರುತ್ತದೆ. ಅದನ್ನು ಬೇಗ ಕಡಿಯಬೇಕಾದರೆ ಕಸಾಯಿಯವನಿಗೆ ವಾರಗಳ ಮೊದಲೇ ಹೇಳಿಡಬೇಕು. ಹೇಳಿಟ್ಟರೂ ಕೈಗೆ ಬರುವುದು ಕೆಲವೊಮ್ಮೆ ತಲೆ, ಪಾದ ಸಮೇತ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತಲೆಯಿಲ್ಲದ ಹಕ್ಕಿಯನ್ನಷ್ಟೇ ಕಂಡ ಅಮೆರಿಕನ್ ಗೃಹಿಣಿ ಮೊದಲ ಸಲ ಇದನ್ನು ಕಂಡಾಗ ಏನಾಗುತ್ತದೆಂದು ಊಹಿಸಬಹುದು. ಇಂಗ್ಲೆಂಡಿನಲ್ಲೂ ಇದೇ ತಿಂಗಳ ಲೆಕ್ಕದ ತೊಡಕು. ದೀಪಾವಳಿಯ ಪಟಾಕಿಯನ್ನು ಆಯುಧಪೂಜೆಗೆ ಮುಂಚೆಯೇ ಹುಡುಕಿದಂತೆ.

ಹಕ್ಕಿ ಸಿಕ್ಕಿತು ಎನ್ನೋಣ. ಇನ್ನೊಂದು ಕಷ್ಟವಿದೆ: ಒಲೆ. ಅಮೆರಿಕದ ಮನೆಗಳ ಓವನ್ ಸಣ್ಣ ಟ್ರಂಕಿನಷ್ಟಿರುತ್ತದೆ. ಜಪಾನಿನ ಮನೆಗಳಲ್ಲಿ ಅಂಥದು ಅಪರೂಪ. ಅಲ್ಲಿ ಗ್ಯಾಸ್ ಒಲೆಯ ಕೆಳಗೆ ಮೀನು ಸುಡಲು ಒಂದು ಸಣ್ಣ ಡ್ರಾಯರ್, ಪಕ್ಕದಲ್ಲಿ ಮೈಕ್ರೋವೇವ್ ಪೆಟ್ಟಿಗೆ ಇದ್ದರೆ ಮುಗಿಯಿತು. ಏಳು ಕಿಲೋ ಹಕ್ಕಿ ಅದರ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಫ್ರಿಜ್ಜಿನದೂ ಅದೇ ಕಥೆ. ಆ ಗಾತ್ರದ ಹೆಪ್ಪುಗಟ್ಟಿದ ಟರ್ಕಿ ಫ್ರಿಜ್ಜಿನೊಳಗೆ ಕರಗಿ ಹದಕ್ಕೆ ಬರಲು ಮೂರು ನಾಲ್ಕು ದಿನ ಬೇಕು. ಹೊರಗಿಟ್ಟು ಕರಗಿಸಿದರೆ ಒಳಗೆ ಮಂಜು, ಮೇಲೆ ಹಳಸು. ಹಬ್ಬದೂಟ ಆಸ್ಪತ್ರೆಯಲ್ಲಿ ಮುಗಿದೀತು. ಒಳಭಾಗದ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಕಟ್ಟಪ್ಪಣೆ. ಅಷ್ಟಾಗಲು ಗಂಟೆಗಟ್ಟಲೆ ಬೇಯಬೇಕು. ಹಾಗಾಗಿ ಹೊರದೇಶದಲ್ಲಿರುವವರು ಎರಡು ಕೋಳಿ ಬೇಯಿಸಿ ಅಕ್ಕಪಕ್ಕ ಇಡುತ್ತಾರೆ, ಬಾತುಕೋಳಿಗೆ ಒಗ್ಗಿಕೊಳ್ಳುತ್ತಾರೆ, ಇಲ್ಲವೇ ಹೋಟೆಲಿನ ಮೊರೆ ಹೋಗುತ್ತಾರೆ.

ಜಪಾನಿನಲ್ಲಿ ಈ ಕೊರತೆಯಿಂದ ಹುಟ್ಟಿದ್ದು ಬೇರೆಯೇ ಒಂದು ಹಬ್ಬ. ಕೆಂಟಕಿ ಫ್ರೈಡ್ ಚಿಕನ್ ಕಂಪನಿ ಜಪಾನಿಗೆ ಕಾಲಿಟ್ಟದ್ದು 1970ರಲ್ಲಿ. ನಗೋಯಾ ನಗರದ ಅದರ ಮೊದಲ ಅಂಗಡಿಗೆ ತಕೇಶಿ ಒಕಾವಾರಾ ಎಂಬಾತ ವ್ಯವಸ್ಥಾಪಕ. 1974ರ ಡಿಸೆಂಬರಿನಲ್ಲಿ ಕಂಪನಿ ದೇಶದಾದ್ಯಂತ ಜಾಹೀರಾತು ಕೊಟ್ಟಿತು: ಕ್ರಿಸ್‌ಮಸ್ಸಿಗೆ ಕೆಂಟಕಿ. ಟರ್ಕಿ ಸಿಗದ ವಿದೇಶೀಯನೊಬ್ಬ, ಇರಲಿ, ಕೋಳಿಯಲ್ಲೇ ಕ್ರಿಸ್‌ಮಸ್ ಮಾಡೋಣ ಎಂದು ಅಂಗಡಿಗೆ ಬಂದದ್ದೇ ಇದಕ್ಕೆ ಪ್ರೇರಣೆ ಎಂಬ ಕಥೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಒಕಾವಾರಾ ಹೇಳುವ ಕಥೆ ಬೇರೆ. ಶಿಶುವಿಹಾರವೊಂದರ ಕ್ರಿಸ್‌ಮಸ್ ಕೂಟಕ್ಕೆ ತಾನು ಸಾಂಟಾ ವೇಷ ಹಾಕಿ ಕೋಳಿ ಕೊಂಡೊಯ್ದದ್ದೇ ಮೊದಲು, ಆಮೇಲೆ ಪಶ್ಚಿಮದಲ್ಲಿ ಇದು ರೂಢಿಯೇ ಎಂದು ಟೀವಿಯವರು ಕೇಳಿದಾಗ ಹೌದೆಂದು ಸುಳ್ಳು ಹೇಳಿದೆ ಎಂದು ಆತ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡ. ಯಾವುದು ನಿಜವೋ, ಪರಿಣಾಮವಂತೂ ಕಣ್ಣಿಗೆ ಕಾಣುತ್ತದೆ. ನೂರಕ್ಕೆ ಒಬ್ಬರಷ್ಟು ಮಾತ್ರ ಕ್ರೈಸ್ತರಿರುವ ದೇಶದಲ್ಲಿ ಜನ ವಾರಗಳ ಮುಂಚೆ ಹೆಸರು ಬರೆಸಿ, ಡಿಸೆಂಬರ್ 24ರ ಸಂಜೆ ಸರದಿಯಲ್ಲಿ ನಿಂತು ಕರಿದ ಕೋಳಿಯ ಡಬ್ಬ ಒಯ್ಯುತ್ತಾರೆ. ಅಂಗಡಿಯ ಮುಂದಿನ ಕರ್ನಲ್ ಸ್ಯಾಂಡರ್ಸ್ ಪ್ರತಿಮೆಗೆ ಅಂದು ಸಾಂಟಾನ ಕೆಂಪಂಗಿ. ಜಪಾನೀ ಮಕ್ಕಳಿಗೆ ಈಗ ಅದೇ ಸಂಪ್ರದಾಯ. ಅದು ಬದಲಿಯಾಗಿ ಬಂದದ್ದೆಂದು ಹೇಳಿದರೆ ನಂಬುವವರು ಕಡಿಮೆ.

ಇಷ್ಟೆಲ್ಲ ಹುಡುಕಾಟಕ್ಕೆ ಕಾರಣವಾದ ಈ ಹಕ್ಕಿ ಮೂಲತಃ ಎಲ್ಲಿಯದು? ಟರ್ಕಿ ದೇಶಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಮೊದಲು ಪಳಗಿಸಿದವರು ಮೆಕ್ಸಿಕೋದ ಮೂಲನಿವಾಸಿಗಳು. ಅಜ್ಟೆಕರ ಭಾಷೆಯಲ್ಲಿ ಅದರ ಹುಂಜಕ್ಕೆ ಹುಎಶೋಲೋಟ್ಲ್ ಎಂದು ಹೆಸರು. ಮೆಕ್ಸಿಕೋದವರು ಇಂದಿಗೂ ಅದನ್ನು ಗುವಾಹೊಲೊತೆ ಎನ್ನುತ್ತಾರೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿಂದ ಶುರುವಾಯಿತು ನಾಮಕರಣದ ಗೊಂದಲ.

ಇಂಗ್ಲಿಷರಿಗೆ ಪೂರ್ವದಿಂದ ಬಂದ ವಿಚಿತ್ರ ವಸ್ತುವೆಲ್ಲ ಟರ್ಕಿಯ ವ್ಯಾಪಾರಿಗಳದು. ಆಫ್ರಿಕದ ಗಿನಿ ಕೋಳಿಗೆ ಆಗಲೇ ಆ ಹೆಸರು ಅಂಟಿತ್ತು. ಅದನ್ನೇ ಈ ಹೊಸ ಹಕ್ಕಿಗೂ ಅಂಟಿಸಿದರು. ಟರ್ಕಿಯವರು ಅದನ್ನು ಕರೆಯುವುದು ‘ಹಿಂದಿ’ ಎಂದು, ಅಂದರೆ ಹಿಂದೂಸ್ತಾನದ್ದು. ಫ್ರೆಂಚರ ‘ದ್ಯಾಂದ್’ ಎಂಬುದೂ ‘ಇಂಡಿಯಾದ್ದು’ ಎಂಬುದರ ಸಂಕ್ಷೇಪ. ರಷ್ಯನ್ನರಿಗೆ ಇಂದೇಯ್ಕಾ, ಪೋಲೆಂಡಿನವರಿಗೆ ಇಂದಿಕ್, ಹೀಬ್ರೂ ಭಾಷೆಯಲ್ಲಿ ‘ಹೋದು’ ಅಂದರೆ ಭಾರತದ ಹುಂಜ. ಕೊಲಂಬಸ್ ಅಮೆರಿಕವನ್ನು ಇಂಡಿಯಾ ಎಂದುಕೊಂಡ ತಪ್ಪು ಅಳಿಯದೆ ಕೋಳಿಯ ಕುತ್ತಿಗೆಯಲ್ಲಿ ಜೋತುಬಿದ್ದಿದೆ. ಡಚ್ಚರು ಇನ್ನೂ ಮುಂದೆ ಹೋಗಿ ಊರಿನ ಹೆಸರನ್ನೇ ಹೇಳಿಬಿಟ್ಟರು. ಅವರ ‘ಕಲ್ಕೂನ್’ ಎಂದರೆ ಕಲ್ಲಿಕೋಟೆಯ ಕೋಳಿ! ಕೇರಳದ ಕೋಳಿಕ್ಕೋಡಿನವರಿಗೆ ಆಗ ಈ ಹಕ್ಕಿಯ ಪರಿಚಯವೂ ಇದ್ದಿರಲಾರದು. ಡಚ್ಚರ ಜತೆ ಆ ಪದ ಸಿಂಹಳಕ್ಕೆ ಬಂದು ‘ಕಳುಕುಂ’ ಆಯಿತು. ಹೀಗೆ ಮಲಬಾರಿನ ಹೆಸರು ಯುರೋಪನ್ನು ಸುತ್ತಿ ಪಕ್ಕದ ದ್ವೀಪಕ್ಕೆ ಮರಳಿತು. ಮಲಯ ಭಾಷೆಯವರಿಗೆ ಅದು ಡಚ್ಚರ ಕೋಳಿ. ಈಜಿಪ್ಟಿನ ಅರಬ್ಬಿಯಲ್ಲಿ ರೂಮಿ ಹುಂಜ, ಅಂದರೆ ರೋಮಿನದು. ಯಾರನ್ನು ಕೇಳಿದರೂ ‘ನಮ್ಮದಲ್ಲ, ಅವರದು’ ಎಂಬ ಉತ್ತರವೇ.

ಪೋರ್ಚುಗೀಸರು ಇದನ್ನು ಪೆರು ದೇಶಕ್ಕೆ ಗಂಟುಹಾಕಿ ‘ಪೆರು’ ಎಂದರು. ಗೋವಾದ ಮೂಲಕ ಆ ಹೆಸರು ಹಿಂದಿಗೂ ಬಂತು. ಆದರೆ ಮರಾಠಿಯಲ್ಲಿ ಪೇರು ಎಂದರೆ ಸೀಬೆಹಣ್ಣು, ನಮ್ಮ ಉತ್ತರ ಕರ್ನಾಟಕದ ಪೇರಲ. ಪುಣೆಯ ಸಂತೆಯಲ್ಲಿ ಹಬ್ಬದ ಟರ್ಕಿಯನ್ನು ಈ ಹೆಸರಿನಲ್ಲಿ ಕೇಳಿದವರು ಹಣ್ಣಿನ ಬುಟ್ಟಿಯೊಡನೆ ಮನೆಗೆ ಹೋಗಬೇಕಾದೀತು. ನಮ್ಮಲ್ಲಿ ಹೊರಗಿನಿಂದ ಬಂದದ್ದಕ್ಕೆಲ್ಲ ‘ಸೀಮೆ’ ಸೇರಿಸುವ ರೂಢಿ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಈ ಹಕ್ಕಿ ಮಾತ್ರ ಟರ್ಕಿ ಕೋಳಿಯಾಗಿಯೇ ಉಳಿಯಿತು.

ಭಾರತಕ್ಕೆ ಅದು ಬಂದದ್ದರ ಒಂದು ಸೊಗಸಾದ ದಾಖಲೆ ಇದೆ. 1612ರಲ್ಲಿ ಮೊಗಲ್ ಬಾದಶಹ ಜಹಾಂಗೀರನ ಅಧಿಕಾರಿ ಮುಕರ್ರಬ್ ಖಾನ್ ಗೋವಾಕ್ಕೆ ಹೋಗಿ ಪೋರ್ಚುಗೀಸರಿಂದ ಅಪರೂಪದ ವಸ್ತುಗಳನ್ನೂ ಪ್ರಾಣಿಗಳನ್ನೂ ಕೊಂಡು ತಂದ. ಅವುಗಳ ನಡುವೆ ಒಂದು ಟರ್ಕಿ ಹುಂಜ. ಜಹಾಂಗೀರನಿಗೆ ಹೆಸರು ಗೊತ್ತಿಲ್ಲ. ಆದರೂ ತನ್ನ ಆತ್ಮಕಥೆಯಲ್ಲಿ ಅದನ್ನು ಪ್ರಾಣಿಶಾಸ್ತ್ರಜ್ಞನಂತೆ ವರ್ಣಿಸಿದ್ದಾನೆ. ಹೆಣ್ಣುನವಿಲಿಗಿಂತ ದೊಡ್ಡದು, ಗಂಡುನವಿಲಿಗಿಂತ ಚಿಕ್ಕದು, ಮದವೇರಿದಾಗ ನವಿಲಿನಂತೆ ಗರಿ ಬಿಚ್ಚುತ್ತದೆ, ತಲೆ ಮತ್ತು ಕೊರಳಿನ ಬಣ್ಣ ಗಳಿಗೆಗೊಮ್ಮೆ ಕೆಂಪು, ಬಿಳಿ, ನೀಲಿ ಎಂದು ಗೋಸುಂಬೆಯಂತೆ ಬದಲಾಗುತ್ತದೆ ಎಂದು ಗಮನಿಸಿದ್ದಾನೆ. ಆಸ್ಥಾನದ ಚಿತ್ರಕಾರ ಮನ್ಸೂರ್ ಅದರ ಚಿತ್ರ ಬರೆದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಸ್ವಾರಸ್ಯವೆಂದರೆ, ಜಪಾನೀಯರು ಟರ್ಕಿಗೆ ಇಟ್ಟ ಹೆಸರು ‘ಏಳು ಮುಖದ ಹಕ್ಕಿ’. ಮುಖದ ಬಣ್ಣ ಬದಲಾಗುವುದನ್ನು ಅವರೂ ಕಂಡಿದ್ದರು. ಯಾವ ದೇಶದ್ದು ಎಂಬ ಗೋಜಿಗೆ ಹೋಗದೆ ಹಕ್ಕಿಯನ್ನೇ ದಿಟ್ಟಿಸಿ ನೋಡಿದವರು ಈ ಇಬ್ಬರು.

ಯುರೋಪಿನಲ್ಲಿ ಸಾಕಿ ಬೆಳೆಸಿದ ಟರ್ಕಿಯನ್ನು ಇಂಗ್ಲಿಷ್ ವಲಸೆಗಾರರು ಹದಿನೇಳನೆಯ ಶತಮಾನದಲ್ಲಿ ಮತ್ತೆ ಅಮೆರಿಕಕ್ಕೆ ಹಡಗಿನಲ್ಲಿ ಕೊಂಡೊಯ್ದರು. ಅಮೆರಿಕದ ಹಬ್ಬದ ಹಕ್ಕಿಯೂ ಹೀಗೆ ಪರದೇಶ ಸುತ್ತಿ ಬಂದದ್ದೇ. ಕಾಡು ಟರ್ಕಿಗಳೇನೋ ಅಲ್ಲಿ ಮೊದಲೇ ಇದ್ದವು. 1621ರ ಶರತ್ಕಾಲದಲ್ಲಿ ಪ್ಲಿಮತ್‌ನ ವಲಸೆಗಾರರು ಮೊದಲ ಸುಗ್ಗಿಯ ಊಟ ಮಾಡಿದಾಗ ವಾಂಪನೋಗ್ ಬುಡಕಟ್ಟಿನ ತೊಂಬತ್ತು ಮಂದಿ ಜತೆಗಿದ್ದರು. ಮೂರು ದಿನ ಊಟ ನಡೆಯಿತು. ಅವರು ಐದು ಜಿಂಕೆ ತಂದರೆಂದೂ ವಲಸೆಗಾರರು ಹಕ್ಕಿಗಳನ್ನು ಹೊಡೆದು ತಂದರೆಂದೂ ಪತ್ರವೊಂದರಲ್ಲಿ ದಾಖಲಾಗಿದೆ. ಆ ಹಕ್ಕಿಗಳಲ್ಲಿ ಟರ್ಕಿ ಇತ್ತೆಂದು ಅದರಲ್ಲಿ ಬರೆದಿಲ್ಲ. ಬಂದವರಿಗೆ ಉಣಿಸಿದ ವಾಂಪನೋಗರು ಮುಂದೆ ನೆಲ ಕಳೆದುಕೊಂಡರು. ಅಲ್ಲಿನ ಮೂಲನಿವಾಸಿಗಳ ಒಂದು ಗುಂಪು 1970ರಿಂದ ಇದೇ ಗುರುವಾರ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಿದೆ. ಹಬ್ಬದ ಕಥೆ ಹೇಳುವಾಗ ಇದನ್ನು ಬಿಟ್ಟರೆ ಅರ್ಧ ಕಥೆಯಾಗುತ್ತದೆ.

ಹಬ್ಬವನ್ನು ದೇಶಕ್ಕೆಲ್ಲ ಒಂದು ಮಾಡಿದವಳು ಸಾರಾ ಜೊಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ. ದಶಕಗಳ ಕಾಲ ಆಳುವವರಿಗೆ ಪತ್ರ ಬರೆದು ಬರೆದು ಕೊನೆಗೆ ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಲಿಂಕನ್ ಘೋಷಣೆ ಹೊರಡಿಸುವಂತೆ ಮಾಡಿದಳು. 1939ರಲ್ಲಿ ರೂಸ್‌ವೆಲ್ಟ್ ವ್ಯಾಪಾರಿಗಳಿಗೆ ಅನುಕೂಲವಾಗಲೆಂದು ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದಾಗ ದೊಡ್ಡ ರಂಪವಾಯಿತು. ಕೆಲವು ರಾಜ್ಯಗಳು ಒಂದು ಗುರುವಾರ, ಕೆಲವು ಇನ್ನೊಂದು ಗುರುವಾರ ಹಬ್ಬ ಮಾಡಿದವು. ಪಂಚಾಂಗದ ಜಗಳ ನಮ್ಮಲ್ಲಿ ಮಾತ್ರವೇ ಇರುವುದೆಂದು ತಿಳಿದವರು ಇದನ್ನು ಗಮನಿಸಬೇಕು. 1941ರಲ್ಲಿ ನಾಲ್ಕನೆಯ ಗುರುವಾರ ಎಂದು ಕಾನೂನೇ ಆಯಿತು.

ಸೈನಿಕರ ಮಾತು ಬಂದರೆ ಟರ್ಕಿ ಸರ್ಕಾರದ ಹೊಣೆಯಾಗುತ್ತದೆ. ಹೊರದೇಶದ ನೆಲೆಗಳಲ್ಲಿರುವ ಸೈನಿಕರಿಗೆ ಅಂದು ಟರ್ಕಿ ಬಡಿಸಲು ಅಮೆರಿಕದ ರಕ್ಷಣಾ ಇಲಾಖೆ ತಿಂಗಳುಗಳ ಮುಂಚೆ ಸರಕು ಸಾಗಣೆ ಆರಂಭಿಸುತ್ತದೆ. 2003ರ ನವೆಂಬರ್ 27ರಂದು ಅಧ್ಯಕ್ಷ ಜಾರ್ಜ್ ಬುಷ್ ಗುಟ್ಟಾಗಿ ಬಾಗ್ದಾದಿಗೆ ಹಾರಿ ಸೈನಿಕರ ನಡುವೆ ನಿಂತು ಹೊಂಬಣ್ಣದ ಇಡೀ ಟರ್ಕಿಯ ತಟ್ಟೆ ಹಿಡಿದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ಹಕ್ಕಿ ಅಲಂಕಾರಕ್ಕೆ ಇಟ್ಟದ್ದು, ಸೈನಿಕರು ಉಂಡದ್ದು ಸಾಲಿನಲ್ಲಿ ನಿಂತು ಬಿಸಿ ಪಾತ್ರೆಗಳಿಂದ ಬಡಿಸಿಕೊಂಡ ತುಂಡುಗಳನ್ನು ಎಂದು ಕೆಲವು ದಿನಗಳ ನಂತರ ವರದಿಯಾಯಿತು. ಟೀಕಾಕಾರರು ನಕ್ಕರು. ಆದರೆ ಮನೆಯಿಂದ ಅಷ್ಟು ದೂರದಲ್ಲಿ ಇಡಿಯಾದ ಹಕ್ಕಿಯೊಂದು ಕಣ್ಣಿಗೆ ಬೀಳಲಿ ಎಂದು ಅಡುಗೆಯವರು ಯೋಚಿಸಿದ್ದರಲ್ಲಿ ತಪ್ಪೇನಿದೆ?

ಇನ್ನು ನಮ್ಮ ಕಡೆಗೆ ಬಂದರೆ, ಬ್ರಿಟಿಷರ ಕಾಲದಲ್ಲಿ ಈ ಹುಡುಕಾಟ ಹಳೆಯದು. ಸಣ್ಣ ಊರುಗಳಲ್ಲಿದ್ದ ಸಾಹೇಬರ ಮನೆಗಳವರು ಒಳ್ಳೆಯ ಮಾಂಸಕ್ಕಾಗಿ ‘ಮಟನ್ ಕ್ಲಬ್’ ಕಟ್ಟಿಕೊಂಡು ಕೂಡಿ ಕುರಿ ಸಾಕುತ್ತಿದ್ದರು. ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ 1888ರಲ್ಲಿ ಬರೆದ ಗೃಹಿಣಿಯರ ಕೈಪಿಡಿಯಲ್ಲಿ ಹಸು, ಕೋಳಿಗಳನ್ನು ಹಿತ್ತಲಲ್ಲಿ ಸಾಕುವ ಪಾಠವೂ ಇದೆ. ಈಗ ಭಾರತದಲ್ಲಿ, ಮುಖ್ಯವಾಗಿ ತಮಿಳುನಾಡು, ಕೇರಳಗಳಲ್ಲಿ, ಟರ್ಕಿ ಸಾಕುವವರಿದ್ದಾರೆ. ಬೆಂಗಳೂರಿನಲ್ಲಿ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಕ್ರಿಸ್‌ಮಸ್ ಹೊತ್ತಿಗೆ ಟರ್ಕಿ ಬರುವುದುಂಟು. ಇಲ್ಲಿಯ ಕಂಪನಿಗಳಿಗೆ ಕೆಲಸಕ್ಕೆ ಬಂದ ಅಮೆರಿಕನ್ನನಿಗೆ ಪ್ಯಾರಿಸ್ಸಿನ ಅದೇ ತೊಂದರೆ: ಅವನ ಹಬ್ಬ ನವೆಂಬರಿನಲ್ಲಿ. ಜತೆಗೆ ನೆಂಚಿಕೊಳ್ಳಲು ಕ್ರ್ಯಾನ್‌ಬೆರಿ ಬೇಕು. ನಮ್ಮ ಮಲೆನಾಡಿನ ಕವಳಿಹಣ್ಣಿನ ಹುಳಿ ಅದಕ್ಕೇನೂ ಕಡಿಮೆಯಿಲ್ಲ, ಆದರೆ ಹೇಳುವವರು ಬೇಕಲ್ಲ.

ಹೊರಗಿನಿಂದ ತರಿಸಬಹುದಲ್ಲ ಎಂದರೆ ಅಲ್ಲೊಂದು ದೊಡ್ಡ ವ್ಯಾಜ್ಯವೇ ಇತ್ತು. ಹಕ್ಕಿಜ್ವರದ ಭಯದಿಂದ ಭಾರತ 2007ರಲ್ಲಿ ಅಮೆರಿಕದ ಕೋಳಿ ಮಾಂಸ, ಮೊಟ್ಟೆ ಮೊದಲಾದವನ್ನು ತಡೆಯಿತು. ಒಂದು ರಾಜ್ಯದಲ್ಲಿ ರೋಗ ಬಂದರೆ ಇಡೀ ದೇಶದ ಸರಕನ್ನು ತಡೆಯುವುದು ಸರಿಯಲ್ಲವೆಂದು ಅಮೆರಿಕ 2012ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ದೂರಿತು. 2014ರಲ್ಲೂ ಮೇಲ್ಮನವಿಯ ನಂತರ 2015ರಲ್ಲೂ ತೀರ್ಪು ಭಾರತದ ವಿರುದ್ಧವಾಯಿತು. ಆಮೇಲೂ ಜಗ್ಗಾಟ ನಿಲ್ಲಲಿಲ್ಲ. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ, ದೆಹಲಿಯ ಜಿ-20 ಸಮ್ಮೇಳನದ ಹೊತ್ತಿಗೆ, ರಾಜಿಯಾಯಿತು. ಭಾರತ ಸುಂಕ ಇಳಿಸಲು ಒಪ್ಪಿದ ಸರಕುಗಳ ಪಟ್ಟಿಯಲ್ಲಿ ಹೆಪ್ಪುಗಟ್ಟಿಸಿದ ಟರ್ಕಿ ಇತ್ತು, ಕ್ರ್ಯಾನ್‌ಬೆರಿಯೂ ಇತ್ತು. ಥ್ಯಾಂಕ್ಸ್‌ಗಿವಿಂಗ್ ಊಟದ ಸಾಮಾನಿನ ಚೀಟಿಯನ್ನೇ ಎದುರಿಗಿಟ್ಟುಕೊಂಡು ಒಪ್ಪಂದ ಬರೆದರೇನೋ ಎಂಬಂತೆ. ನಮ್ಮ ಕೋಳಿ ಸಾಕುವ ರೈತನಿಗೆ ಇದರಿಂದ ನಷ್ಟವೇ ಎಂಬ ಪ್ರಶ್ನೆಯೂ ಎದ್ದಿತು. ನಮ್ಮ ಜನ ತಿನ್ನುವುದು ಮಾಮೂಲು ಕೋಳಿ, ಟರ್ಕಿಗೆ ಇಲ್ಲಿ ಗಿರಾಕಿ ಬೆರಳೆಣಿಕೆ. ಈ ರಿಯಾಯಿತಿ ಕೊಡುವುದು ದೆಹಲಿಗೆ ಅಷ್ಟೇನೂ ಕಷ್ಟವಾಗಿರಲಾರದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಹಬ್ಬ ಉದ್ದನೆಯ ರಜೆ. ಗುರುವಾರದಿಂದ ಭಾನುವಾರದವರೆಗೆ ನೆಂಟರಿಷ್ಟರು ಸೇರಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಶಾಲೆಗೆ ಹೋಗುವ ಮಕ್ಕಳು ಕಾಗದದಲ್ಲಿ ಟರ್ಕಿ ಕತ್ತರಿಸಿ ತಂದು ಗೋಡೆಗೆ ಅಂಟಿಸುತ್ತಾರೆ. ಮನೆಯಲ್ಲಿ ಅಜ್ಜಿ ಮಾಡಿದ್ದು ಬಿಸಿಬೇಳೆಬಾತು. ‘ನಮ್ಮನೇಲಿ ಯಾಕಜ್ಜಿ ಟರ್ಕಿ ಇಲ್ಲ?’ ಎಂದು ಮಗು ಕೇಳಿದರೆ ಅಜ್ಜಿ ಏನು ಹೇಳಬೇಕು? ಸಸ್ಯಾಹಾರಿಗಳಿಗೆಂದು ಆರೆಗನ್ ರಾಜ್ಯದ ಕಂಪನಿಯೊಂದು 1995ರಲ್ಲಿ ಸೋಯಾದಿಂದ ಮಾಡಿದ ‘ಟೋಫರ್ಕಿ’ಯನ್ನು ಮಾರುಕಟ್ಟೆಗೆ ಬಿಟ್ಟಿತು. ನೋಡಲು ಕಂದು ಬಣ್ಣದ ಉರುಟು ಮುದ್ದೆ. ರಾಗಿ ಮುದ್ದೆ ಬಲ್ಲವರಿಗೆ ಅದರ ಆಕಾರದಲ್ಲಿ ಹೊಸತೇನೂ ಕಾಣದು.

ಟರ್ಕಿಯನ್ನು ಅತಿ ದೂರದಲ್ಲಿ ಉಂಡವರ ಕಥೆ ಹೇಳಿ ಮಾತು ಮುಗಿಸಬಹುದು. 1968ರ ಡಿಸೆಂಬರ್ 21ರಂದು ಹೊರಟ ಅಪೊಲೊ-8 ನೌಕೆಯಲ್ಲಿ ಫ್ರಾಂಕ್ ಬೋರ್ಮನ್, ಜೇಮ್ಸ್ ಲೊವೆಲ್, ವಿಲಿಯಂ ಆಂಡರ್ಸ್ ಇದ್ದರು. ಚಂದ್ರನನ್ನು ಸುತ್ತಿದ ಮೊದಲ ಮನುಷ್ಯರು ಇವರು. ಅಲ್ಲಿಯವರೆಗೆ ಗಗನಯಾತ್ರಿಗಳಿಗೆ ಸಿಗುತ್ತಿದ್ದದ್ದು ನೀರು ಬೆರೆಸಿ ಹಿಂಡಿಕೊಳ್ಳುವ ಪುಡಿ ಆಹಾರ, ಬಾಯಿಗೆ ಹಾಕಿಕೊಳ್ಳುವ ಗಟ್ಟಿ ತುಣುಕು. ಅವರಿಗೂ ಅದರಿಂದ ಬೇಸರ ಬಂದಿತ್ತು. ಕ್ರಿಸ್‌ಮಸ್ ದಿನ, ಚಂದ್ರನ ಕಕ್ಷೆ ಬಿಟ್ಟು ಭೂಮಿಯತ್ತ ಹೊರಟಾಗ, ಊಟದ ಪೆಟ್ಟಿಗೆಯಲ್ಲಿ ಹಸಿರು ಕೆಂಪು ರಿಬ್ಬನ್ ಕಟ್ಟಿದ ಪೊಟ್ಟಣಗಳು ಕಂಡವು. ಒಳಗೆ ನಿಜವಾದ ಟರ್ಕಿ ತುಂಡು, ಸಾರಿನ ಸಮೇತ. ಚಮಚದಲ್ಲಿ ತಿನ್ನುವಂಥದು. ಜತೆಗೆ ಮೂರು ಪುಟ್ಟ ಬ್ರಾಂದಿ ಬಾಟಲಿ. ನೌಕೆಗೆ ಏನಾದರೂ ತೊಂದರೆಯಾದರೆ ಜನ ಬ್ರಾಂದಿಯನ್ನೇ ದೂರುತ್ತಾರೆಂದು ಬೋರ್ಮನ್ ಅದನ್ನು ಮುಟ್ಟಗೊಡಲಿಲ್ಲ. ಮೂವರೂ ಟರ್ಕಿ ಉಂಡರು. ಬಾಟಲಿಗಳು ಮುಚ್ಚಳ ತೆಗೆಯದೆಯೇ ಭೂಮಿಗೆ ಬಂದವು.